ರಿಯಾಯಿತಿ ಕನ್ನಡದಾಗ, ಕರಾರು ಇಂಗ್ಲಿಷಿನ್ಯಾಗ

ಪತ್ರಿಕೆಯ ಮಡಿಕೆಯೊಳಗಿಂದ ಜಾರಿ ಬೀಳುವ ಹ್ಯಾಂಡ್‌ಬಿಲ್ಲನ್ನು ಹೆಚ್ಚಿನವರು ಓದುವುದಿಲ್ಲ, ನೋಡಿ ಬಿಡುತ್ತಾರೆ. ವಿಜಯಪುರದಲ್ಲಿ ದೀಪಾವಳಿ ಹತ್ತಿರ ಬಂತೆಂದರೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಕೂಡಿತೆಂದರೆ, ಆಷಾಢ ಹಿಡಿಯಿತೆಂದರೆ ಇಂಥ ಹಾಳೆಗಳ ಸುಗ್ಗಿ. ಒಂದನ್ನು ಎತ್ತಿಕೊಂಡು ನಿಧಾನಕ್ಕೆ ನೋಡಿ. ತೆಳ್ಳಗಿನ ಹಳದಿ ಕಾಗದ. ತಲೆಯ ಮೇಲೆ ‘ಗ್ರಾಹಕ ಬಾಂಧವರಿಗೆ ಸುವರ್ಣಾವಕಾಶ’ ಎಂದು ಕನ್ನಡ. ಅದರ ಕೆಳಗೆ ಅರ್ಧ ಹಾಳೆ ತುಂಬಿ ನಿಂತ 50 ಎಂಬ ಅಂಕಿ, ಪಕ್ಕದಲ್ಲಿ ಶೇಕಡಾ ಗುರುತು. ಆ ಐವತ್ತರ ಎಡ ಹೆಗಲ ಮೇಲೆ, ಇರುವೆ ಸಾಲಿನಷ್ಟು ಸಣ್ಣದಾಗಿ, ‘ಅಪ್ ಟು’. ಬಲ ಹೆಗಲ ಮೇಲೆ ಒಂದು ನಕ್ಷತ್ರ. ಆ ನಕ್ಷತ್ರದ ಜೋಡಿ ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಹಾಳೆಯ ತಳದಲ್ಲಿ, ಪ್ರೆಸ್ಸಿನ ಹೆಸರಿನ ಮಗ್ಗುಲಲ್ಲಿ ಸಿಗುತ್ತದೆ: ‘ಕಂಡಿಷನ್ಸ್ ಅಪ್ಲೈ’. ಅದು ಇಂಗ್ಲಿಷ್ ಲಿಪಿಯಲ್ಲಿ.

ಗಾಂಧಿ ಚೌಕದ ಫ್ಲೆಕ್ಸ್, ಎಲ್‌ಬಿಎಸ್ ಮಾರ್ಕೆಟ್ಟಿನ ಅಂಗಡಿ ಬಾಗಿಲ ಪಟ್ಟಿ, ಸ್ಟೇಷನ್ ರಸ್ತೆಯ ಶೋರೂಮಿನ ಗಾಜು, ಟಿಕೋಟಾ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿ, ಬಬಲೇಶ್ವರದ ಟ್ರ್ಯಾಕ್ಟರ್ ಬಿಡಿಭಾಗದ ಮಳಿಗೆ, ಎಲ್ಲೆಡೆ ಹೆಚ್ಚುಕಡಿಮೆ ಇದೇ ವಿನ್ಯಾಸ. ಬೆಲೆ ಕಡಿಮೆ ಎಂದು ಸಾರುವುದಕ್ಕೆ ನಮ್ಮ ಪೇಟೆಗಳು ಇಂಗ್ಲಿಷ್ ನುಡಿಗಟ್ಟುಗಳನ್ನು ಎತ್ತಿಕೊಂಡಿವೆ. ಅದನ್ನು ಇಂಗ್ಲಿಷ್ ಹುಚ್ಚು ಎಂದು ಬೈದು ಮುಗಿಸುವುದು ಸುಲಭ. ಆದರೆ ಆ ನುಡಿಗಟ್ಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ವಿಷಯ ಭಾಷಾಭಿಮಾನಕ್ಕಿಂತ ಲೆಕ್ಕಾಚಾರಕ್ಕೆ ಹತ್ತಿರ ಬರುತ್ತದೆ.

ಈ ನುಡಿಗಟ್ಟುಗಳಲ್ಲಿ ಎರಡು ಜಾತಿ. ಬಿಗ್, ಮೆಗಾ, ಬಂಪರ್, ಸೂಪರ್, ಲೋಯೆಸ್ಟ್ ರೇಟ್ ಇವೆಲ್ಲ ಬರೀ ಡಂಗುರ. ಯಾರ ಜೇಬಿಗೂ ಇವುಗಳಿಂದ ಕತ್ತರಿ ಬೀಳುವುದಿಲ್ಲ. ಕೇಳಿದವರು ಅರ್ಧ ನಂಬುತ್ತಾರೆ, ಅರ್ಧ ನಗುತ್ತಾರೆ. ‘ಸ್ಟಾಕ್ ಕ್ಲಿಯರೆನ್ಸ್, ಅಂಗಡಿ ಖಾಲಿ ಮಾಡುತ್ತಿದ್ದೇವೆ’ ಎಂಬ ಬೋರ್ಡು ವರ್ಷಗಟ್ಟಲೆ ಒಂದೇ ಅಂಗಡಿಯ ಮೇಲೆ ತೂಗುತ್ತಿದ್ದರೂ ಗಿರಾಕಿಗಳು ತಪ್ಪು ತಿಳಿಯುವುದಿಲ್ಲ. ಎರಡನೆಯ ಜಾತಿ ಬೇರೆ: ಅಪ್ ಟು, ಸ್ಟಾರ್ಟಿಂಗ್ ಫ್ರಮ್, ಆನ್‌ವರ್ಡ್ಸ್, ಆ್ಯಸ್ ಲೋ ಆ್ಯಸ್, ಫ್ಲ್ಯಾಟ್, ಎಕ್ಸ್ ಶೋರೂಮ್, ನೋ ಕಾಸ್ಟ್ ಇಎಂಐ. ಇವು ಡಂಗುರದ ವೇಷ ಹಾಕಿಕೊಂಡ ಕರಾರುಗಳು. ಅಂಗಡಿಯವರು ಕೊಡುವ ಮಾತಿಗೆ ಮಿತಿ ಹಾಕುವ ಕೆಲಸ ಇವುಗಳದ್ದು.

ಅಂಗಡಿಯೊಳಗೆ ನಡೆಯುವ ಮಾತು ವಿಜಯಪುರದವರಿಗೆಲ್ಲ ಪರಿಚಿತವೇ.

“ಯಣ್ಣಾ, ಹೊರಗ ಬೋರ್ಡಿನ್ಯಾಗ ಐವತ್ತ ಅಂತ ಬರದೀರಿ. ಇಲ್ಲಿ ಬರೇ ಹತ್ತ ಪರ್ಸೆಂಟ್ ಬಿಡಾಕತ್ತೀರಲ್ಲ?”

“ಅದು ಅಪ್ ಟು ರೀ ಅಕ್ಕಾರ. ಐವತ್ತ ಇದ್ದದ್ದು ಆ ಮೂಲ್ಯಾಗಿನ ಮಾಲಿಗೆ. ನೀವು ಹಿಡದದ್ದು ಹೊಸಾ ಮಾಲ್.”

ಮೂಲೆಯ ಮಾಲಿನಲ್ಲಿ ಬೇಕಾದ ಸೈಜು ಇರುವುದಿಲ್ಲ, ಇದ್ದರೆ ಬಣ್ಣ ಸೇರುವುದಿಲ್ಲ. ಅಕ್ಕಾರು ಮಳಿಗೆಗೆ ಬಂದಾಗಿದೆ, ಮಗಳ ಕಣ್ಣು ಹೊಸ ಮಾಲಿನ ಮೇಲೆ ಬಿದ್ದಾಗಿದೆ, ಹತ್ತಾದರೂ ಬಂತಲ್ಲ ಎಂದು ಬಿಲ್ಲು ಆಗಿಯೇ ಬಿಡುತ್ತದೆ. ಅಂಗಡಿಯವರು ಸುಳ್ಳು ಹೇಳಿದರೇ? ಹೇಳಲಿಲ್ಲ. ಅಕ್ಕಾರು ಓದಲಿಲ್ಲವೇ? ಓದಿದರು, ಐವತ್ತನ್ನು ಓದಿದರು.

ಇಲ್ಲಿ ವ್ಯಾಕರಣದ ಒಂದು ಸಂಗತಿ ಅಂಗಡಿಯವರ ನೆರವಿಗೆ ಬಂದಿದೆ. ಇಂಗ್ಲಿಷಿನಲ್ಲಿ ಮಿತಿಯ ಮಾತು ಅಂಕಿಯಿಂದ ಪ್ರತ್ಯೇಕವಾಗಿ ನಿಲ್ಲುತ್ತದೆ. ಹಾಗಾಗಿ ಅದನ್ನು ಎತ್ತಿ ಮೇಲಿಡಬಹುದು, ಮೂಲೆಗೆ ಒತ್ತಬಹುದು, ಅಂಕಿಯ ಹತ್ತರಲ್ಲೊಂದು ಗಾತ್ರಕ್ಕೆ ಇಳಿಸಬಹುದು. ಕನ್ನಡದಲ್ಲಿ ಅದು ಸಾಮಾನ್ಯವಾಗಿ ಅಂಕಿಯ ಬಾಲಕ್ಕೆ ಅಂಟಿಕೊಂಡೇ ಬರುತ್ತದೆ. ‘50ರವರೆಗೆ’, ‘₹499ರಿಂದ’ ಎಂದು ಬರೆದ ಮೇಲೆ ‘ರವರೆಗೆ’ಯನ್ನು ಕಿತ್ತು ಮೂಲೆಗಿಡಲು ಬರುವುದಿಲ್ಲ, ಒಂಟಿಯಾಗಿ ನಿಂತ ‘ರಿಂದ’ಕ್ಕೆ ಅರ್ಥವೇ ಇಲ್ಲ. ಅಂಕಿ ಓದಿದ ಕಣ್ಣು ನಿಲ್ಲುವ ಮೊದಲೇ ಕರಾರಿಗೆ ಮುಗ್ಗರಿಸುತ್ತದೆ. ಕನ್ನಡದಲ್ಲಿ ಬರೆದ ಅಗ್ಗದ ಬೆಲೆ, ಬರೆದವರನ್ನು ಕಟ್ಟಿಹಾಕುತ್ತದೆ. ಬೇಕೆಂದೇ ಯಾರೂ ಈ ವ್ಯಾಕರಣ ನೋಡಿ ಇಂಗ್ಲಿಷನ್ನು ಆರಿಸಿಕೊಂಡಿರಲಾರರು. ಆದರೆ ಆರಿಸಿಕೊಂಡ ಮೇಲೆ ಸಿಕ್ಕ ಲಾಭವನ್ನು ಬಿಟ್ಟವರೂ ಇಲ್ಲ.

ಆಯ್ಕೆಯ ಕಾರಣ ಬಹುಮಟ್ಟಿಗೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿದೆ. ಮೊಬೈಲ್, ಟಿವಿ, ಬೈಕ್ ಕಂಪನಿಗಳ ಜಾಹೀರಾತಿನ ಮಾದರಿ ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲಿ ಸಿದ್ಧವಾಗಿ ಇಲ್ಲಿಗೆ ಬರುತ್ತದೆ. ಇಲ್ಲಿನವರು ಅದರ ಮೇಲೆ ನುಡಿ ತಂತ್ರಾಂಶದಲ್ಲಿ ಅಂಗಡಿಯ ಹೆಸರು, ಓಣಿ, ಫೋನ್ ನಂಬರು ಕೂಡಿಸುತ್ತಾರೆ. ಮಾಲೀಕರು ‘ಚಂದ ಕಾಣೂ ಹಂಗ ಮಾಡ್ರಿ’ ಅನ್ನುತ್ತಾರೆ. ಬದಲಾಗುವುದು ಹೆಸರು; ನಕ್ಷತ್ರ ಮತ್ತು ಅದರ ಕರಾರು ಬಂದ ಭಾಷೆಯಲ್ಲೇ ಉಳಿಯುತ್ತವೆ. ಊರಿನ ಸ್ವಂತ ಅಂಗಡಿಗಳು ಮುಂದೆ ಅದೇ ಮಾದರಿಯನ್ನು ನಕಲು ಹೊಡೆಯುತ್ತವೆ.

ಪೊಟ್ಟಣದ ಸಾಮಾನಿನ ಕಥೆಗೆ ಕಾನೂನೇ ಮೂಲ. ಪ್ಯಾಕೆಟ್ ಮಾಡಿದ ಸಾಮಾನುಗಳ ಮೇಲೆ ಗರಿಷ್ಠ ಮಾರಾಟ ಬೆಲೆ, ತೂಕ, ತಯಾರಾದ ತಿಂಗಳು ಇತ್ಯಾದಿ ಮುದ್ರಿಸಬೇಕೆಂದು ಹೇಳುವ 2011ರ ಕಾನೂನು ಮಾಪನ ನಿಯಮಗಳು, ಆ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತವೆ. ಬೇರೆ ಭಾಷೆಯನ್ನು ಜತೆಗೆ ಹಾಕಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಹೀಗಾಗಿ ಎಂಆರ್‌ಪಿ ಎಂಬ ಮೂರಕ್ಷರ ಬಬಲೇಶ್ವರದ ಕಿರಾಣಿ ಅಂಗಡಿಯ ಮುಂದೆ ನಿಂತ ಅಜ್ಜಿಯ ಬಾಯಲ್ಲೂ ಕನ್ನಡವಾಗಿ ಹೋಗಿದೆ. ಅದು ಒಳ್ಳೆಯದೇ ಆಯಿತು: ಅದಕ್ಕಿಂತ ಹೆಚ್ಚು ಕೇಳಿದರೆ ಜಗಳ ತೆಗೆಯಬಹುದು ಎಂಬುದು ಆಕೆಗೆ ಗೊತ್ತು. ಇಂಗ್ಲಿಷ್ ಮಾತಾದರೂ ಜನಕ್ಕೆ ಅರ್ಥವಾದರೆ ಹೀಗೆ ಕೈಗೊಂದು ಆಯುಧವಾಗುತ್ತದೆ. ಆ ಭಾಗ್ಯ ‘ಅಪ್ ಟು’ಗೆ ಬಂದಿಲ್ಲ.

ಹಾಗೆ ನೋಡಿದರೆ ಈ ಊರಿನ ವ್ಯಾಪಾರ ಎಂದೂ ಒಂದೇ ಭಾಷೆಯಲ್ಲಿ ನಡೆದದ್ದಲ್ಲ. ಹತ್ತಿರ ಹತ್ತಿರ ಇನ್ನೂರು ವರ್ಷ ಆಳಿ 1686ರಲ್ಲಿ ಔರಂಗಜೇಬನಿಗೆ ಸೋತ ಆದಿಲ್‌ಶಾಹಿಗಳ ರಾಜಧಾನಿ ಇದು. ಖರೀದಿ, ಬಾಕಿ, ವಸೂಲಿ, ರಸೀದಿ, ದಲಾಲಿ, ಸರಾಫ ಇವೆಲ್ಲ ಪಾರ್ಸಿ–ಅರಬ್ಬಿ ಕಡೆಯಿಂದ ಬಂದು ಇಲ್ಲಿನ ಕನ್ನಡದಲ್ಲಿ ಮನೆಮಾಡಿದ ಮಾತುಗಳು. ಜಾತ್ರೆಯಲ್ಲಿ ತಾಡಪತ್ರಿ ಹಾಸಿಕೊಂಡು ಕೂತವರು ‘ಹರ್ ಏಕ್ ಮಾಲ್ ಬೀಸ್ ರುಪಯೇ’ ಎಂದು ಕೂಗುವುದು ಇಂದಿಗೂ ಇದೆ. ಆ ಕೂಗು ಕನ್ನಡದ್ದಲ್ಲ. ಆದರೂ ಅದರಲ್ಲಿ ಮೋಸವಿಲ್ಲ. ಹರ್ ಏಕ್ ಅಂದರೆ ಪ್ರತಿಯೊಂದೂ. ಚಮಚ ಎತ್ತಿದರೂ ಇಪ್ಪತ್ತು, ಚಾಳಣಿ ಎತ್ತಿದರೂ ಇಪ್ಪತ್ತು. ನಕ್ಷತ್ರ ಹಾಕಲು ಜಾಗವೇ ಇಲ್ಲ. ತುಟ್ಟಿ ಅನಿಸಿದರೆ ಅಲ್ಲೇ ‘ಹದಿನೈದಕ್ಕ ಕೊಡ್ತೀಯೇನಪಾ’ ಎಂದು ಕೇಳಬಹುದು, ತರಕಾರಿಯಾದರೆ ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳಬಹುದು.

ಅದೇ ಸಂಕ್ರಾಂತಿ ಜಾತ್ರೆಯ ಅಂಗವಾಗಿ ದನದ ಜಾತ್ರೆಯೂ ಕೂಡುತ್ತದೆ. ಅಲ್ಲಿ ಹಳಬರು ದರ ಮಾತಾಡುವುದಿಲ್ಲ, ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ತಿಳಿಸುತ್ತಾರೆ. ನೋಡುವವರಿಗೆ ಅಂಕಿಯೇ ಕಾಣದು. ವ್ಯಾಪಾರ ಮಾಡುವ ಇಬ್ಬರಿಗೆ ಪೂರಾ ಗೊತ್ತು. ಫ್ಲೆಕ್ಸಿನದು ಸರಿಯಾಗಿ ಇದರ ತಿರುಗುಮುರುಗು. ಅಂಕಿ ಊರಿಗೆಲ್ಲ ಕಾಣುತ್ತದೆ, ಕೊಳ್ಳುವವರಿಗೇ ದರ ಗೊತ್ತಿರುವುದಿಲ್ಲ.

ಅಗ್ಗ ಎಂದು ಒತ್ತಿ ಹೇಳಲು ಬಳಸುವ ಇನ್ನೊಂದು ಜೋಡಿಯ ಚರಿತ್ರೆ ಸ್ವಾರಸ್ಯದ್ದು. ‘ರೂ. 199/- ಓನ್ಲಿ’ ಎಂದು ಬರೆಯುತ್ತಾರಲ್ಲ, ಆ ಗೀಟು ಮತ್ತು ಅಡ್ಡಗೆರೆ ಬ್ರಿಟಿಷರ ಲೆಕ್ಕಪತ್ರದ ರೂಢಿಯ ಉಳಿಕೆ. ರೂಪಾಯಿಯ ಮುಂದೆ ಆಣೆ–ಪೈ ಏನೂ ಇಲ್ಲ, ಲೆಕ್ಕ ಇಲ್ಲಿಗೆ ಮುಗಿಯಿತು ಎಂದು ತೋರಿಸಲು ಹಾಕುತ್ತಿದ್ದ ಗುರುತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಆಣೆ ಹೋಯಿತು, ಗುರುತು ಉಳಿಯಿತು. ‘ಓನ್ಲಿ’ ಕೂಡ ಮೂಲದಲ್ಲಿ ಕಾವಲಿನ ಮಾತು. ಚೆಕ್ಕಿನ ಮೇಲೆ, ಬಾಂಡಿನ ಮೇಲೆ ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ ಮುಂದೆ ಯಾರೂ ಏನನ್ನೂ ಸೇರಿಸದಿರಲಿ ಎಂದು ಹಾಕುವ ಬೇಲಿ. ಕನ್ನಡದಲ್ಲಿ ‘ಮಾತ್ರ’ ಬರೆದು ಇದೇ ಕೆಲಸ ಮಾಡುತ್ತೇವೆ. ಹೆಚ್ಚು ಪಡೆಯದಂತೆ ತಡೆಯಲು ಹುಟ್ಟಿದ ಮಾತು ಈಗ ಬೆಲೆ ಕಡಿಮೆ ಎಂದು ಸಾರುವ ಮಾತಾಗಿದೆ. ಲಕ್ಷ ರೂಪಾಯಿಯ ಬೈಕಿನ ಮುಂದೂ ಓನ್ಲಿ ಬರೆಯುತ್ತಾರೆ. ಅದನ್ನು ಓದಿ ಲಕ್ಷ ಸಣ್ಣದಾಗುವುದಿಲ್ಲ, ಓದಿದವರ ಮನಸ್ಸು ತುಸು ಮೆತ್ತಗಾಗುತ್ತದೆ.

199, 499, 999 ಎಂಬ ಬೆಲೆಗಳದ್ದೂ ಇಂಥದೇ ಕೆಲಸ. ನಾವು ಅಂಕಿಯನ್ನು ಎಡದಿಂದ ಓದುತ್ತೇವೆ, ಮೊದಲ ಅಂಕಿಗೇ ಮನಸ್ಸು ಹೆಚ್ಚು ತೂಕ ಕೊಡುತ್ತದೆ. ಮನೋಜ್ ಥಾಮಸ್ ಮತ್ತು ವಿಕಿ ಮೋರ್ವಿಟ್ಜ್ ಎಂಬ ಸಂಶೋಧಕರು 2005ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು: ಎಡದ ಅಂಕಿ ಬದಲಾದಾಗ ಮಾತ್ರ ಒಂದು ಪೈಸೆಯ ಕಡಿತವೂ ದೊಡ್ಡದಾಗಿ ಕಾಣುತ್ತದೆ. ವಿಜಯಪುರದಲ್ಲಿ ಈ ಜಾಣ್ಮೆಗೆ ಬಹಳ ಕಾಲ ಚಿಲ್ಲರೆಯ ಕಾಟವಿತ್ತು. ತೊಂಬತ್ತೊಂಬತ್ತರ ಸಾಮಾನಿಗೆ ನೂರು ಕೊಟ್ಟರೆ ಒಂದು ರೂಪಾಯಿ ವಾಪಸು ಬರುತ್ತಿರಲಿಲ್ಲ, ಚಾಕಲೇಟು ಬರುತ್ತಿತ್ತು. ಈಗ ಫೋನಿನಲ್ಲಿ ಕ್ಯೂಆರ್ ಹಿಡಿದು ತೊಂಬತ್ತೊಂಬತ್ತನ್ನೇ ಕಳಿಸಬಹುದು. ಆ ಮಟ್ಟಿಗೆ 99 ನಿಜವಾಯಿತು.

ಭಾಷೆಯ ಆಯ್ಕೆಗೂ ಇಂಥ ಪರಿಣಾಮವಿದೆಯೇ? ಆರಾಧನಾ ಕೃಷ್ಣ ಮತ್ತು ರೋಹಿಣಿ ಅಹ್ಲುವಾಲಿಯಾ ಭಾರತದ ಗ್ರಾಹಕರ ನಡುವೆ ಹಿಂದಿ, ಇಂಗ್ಲಿಷ್, ಎರಡೂ ಬೆರೆತ ಜಾಹೀರಾತುಗಳನ್ನು ಇಟ್ಟು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಹುರಾಷ್ಟ್ರೀಯ ಕಂಪನಿಗಳ ವಿಷಯದಲ್ಲಿ ಭಾಷೆ ಬದಲಾದರೆ ಗ್ರಾಹಕರ ಅಭಿಪ್ರಾಯ ಬದಲಾಗುತ್ತದೆ, ಐಷಾರಾಮಿ ವಸ್ತುವಿಗೆ ಇಂಗ್ಲಿಷ್ ಒಪ್ಪುತ್ತದೆ, ದಿನಬಳಕೆಯ ವಸ್ತುವಿಗೆ ಅಷ್ಟಾಗಿ ಒಪ್ಪುವುದಿಲ್ಲ. ಸ್ಥಳೀಯ ಕಂಪನಿಗಳಿಗೆ ಭಾಷೆಯಿಂದ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದು ಅದರ ಸಾರ. ಅಂದರೆ ಕುಕ್ಕರ್, ಚಾದರ, ಚಪ್ಪಲಿ ಮಾರುವ ನಮ್ಮೂರ ಅಂಗಡಿಗೆ ಇಂಗ್ಲಿಷಿನಿಂದ ಮರ್ಯಾದೆ ಹೆಚ್ಚುತ್ತದೆ ಎಂಬ ನಂಬಿಕೆ ಬರೀ ನಂಬಿಕೆ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 67ರ ಆಸುಪಾಸು. ಮೂರರಲ್ಲೊಬ್ಬರಿಗೆ ಯಾವ ಲಿಪಿಯೂ ಓದಲು ಬಾರದ ಜಿಲ್ಲೆಯಲ್ಲಿ ಕರಾರನ್ನು ಇಂಗ್ಲಿಷಿನಲ್ಲಿ ಬರೆಯುವುದು ಮರ್ಯಾದೆಗಾಗಿ ಎಂದರೆ ಯಾರು ಒಪ್ಪುತ್ತಾರೆ?

ಲೆಕ್ಕದ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘50 ಪ್ಲಸ್ 20 ಪರ್ಸೆಂಟ್ ಆಫ್’ ಅಂದರೆ ಎಪ್ಪತ್ತಲ್ಲ. ಸಾವಿರದ ಅರಿವೆ ಮೊದಲು ಐನೂರಾಗುತ್ತದೆ, ಆ ಐನೂರರಲ್ಲಿ ಶೇ 20 ಕಳೆದರೆ ನಾನೂರು; ಒಟ್ಟು ಕಡಿತ ಶೇ 60. ‘ಬೈ ಟೂ ಗೆಟ್ ಒನ್’ ಶೇ 33, ಅದೂ ಮೂರು ಬೇಕಿದ್ದವರಿಗೆ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿದಾಗ 350 ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ 18ಕ್ಕೆ ಬಂತು. ಹತ್ತು ಪರ್ಸೆಂಟ್ ಸೋವಿ ಆಯಿತೆಂದು ಮಂದಿ ಲೆಕ್ಕ ಹಾಕಿದರು. ತೆರಿಗೆ ಇಲ್ಲದ ಬೆಲೆ ನೂರೆಂದರೆ ಮೊದಲು ಕೊಡುತ್ತಿದ್ದದ್ದು 128, ಈಗ 118. ಇಳಿದದ್ದು ನೂರಿಪ್ಪತ್ತೆಂಟರಲ್ಲಿ ಹತ್ತು, ಅಂದರೆ ಶೇ 8ಕ್ಕಿಂತ ಕಡಿಮೆ. ಟ್ರ್ಯಾಕ್ಟರ್ ಮತ್ತು ಹನಿ ನೀರಾವರಿ ಸಾಮಗ್ರಿಗೆ ಶೇ 12 ಇದ್ದದ್ದು 5 ಆಯಿತು. ಬೆಲೆಯಲ್ಲಿ ಇಳಿಕೆ ಶೇ 6.25. ದೊಡ್ಡದೇ, ಆದರೆ ಏಳಲ್ಲ.

ಟ್ರ್ಯಾಕ್ಟರ್ ಮಾತು ಬಂದ ಮೇಲೆ ಪೇಟೆಯ ಅಂಗಡಿ ಬಿಟ್ಟು ಪಶ್ಚಿಮಕ್ಕೆ, ಅಥಣಿ ರಸ್ತೆ ಹಿಡಿದು ಟಿಕೋಟಾಕ್ಕೆ ಹೋಗಬೇಕು. ಇತ್ತ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರಕ್ಕೆ. ಎರಡೂ ವಿಜಯಪುರ ತಾಲ್ಲೂಕಿನಿಂದ ಬೇರೆಯಾಗಿ 2018ರಲ್ಲಿ ಹೊಸ ತಾಲ್ಲೂಕುಗಳಾದವು. ದ್ರಾಕ್ಷಿ, ಕಬ್ಬು, ಕೊಳವೆಬಾವಿ, ಕಾಲುವೆ ನೀರು, ಅದರ ಬೆನ್ನಿಗೇ ಸಾಲ. ಇಲ್ಲಿ ಕಡಿಮೆ ದರ ಅಂದರೆ ಬಡ್ಡಿದರ. ಇಲ್ಲಿಯೇ ‘ಫ್ಲ್ಯಾಟ್’ ಎಂಬ ಮಾತು ತನ್ನ ಎರಡನೇ ಮುಖ ತೋರಿಸುವುದು.

ಅರಿವೆ ಅಂಗಡಿಯ ‘ಫ್ಲ್ಯಾಟ್ 50’ ಗಿರಾಕಿಗೆ ಒಳ್ಳೆಯದು: ಎಲ್ಲ ಮಾಲಿಗೂ ಸರಿಸಮ, ‘ಅಪ್ ಟು’ವಿನ ತಕರಾರಿಲ್ಲ. ಫೈನಾನ್ಸಿನ ‘ಫ್ಲ್ಯಾಟ್ 10’ ಹಾಗಲ್ಲ. ಒಂದು ಲಕ್ಷ ಸಾಲ, ಮೂರು ವರ್ಷ, ಫ್ಲ್ಯಾಟ್ ಶೇ 10 ಎಂದುಕೊಳ್ಳಿ. ವರ್ಷಕ್ಕೆ ಹತ್ತು ಸಾವಿರದಂತೆ ಬಡ್ಡಿ ₹30,000. ಒಟ್ಟು ₹1,30,000ವನ್ನು 36 ಕಂತು ಮಾಡಿದರೆ ತಿಂಗಳಿಗೆ ಸುಮಾರು ₹3,611. ಒಂದೂವರೆ ವರ್ಷ ಕಟ್ಟುವಷ್ಟರಲ್ಲಿ ಅರ್ಧದಷ್ಟು ಕಂತು ತಿರುಗಿ ಹೋಗಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ಓಡುತ್ತಿರುತ್ತದೆ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕುವ ಪದ್ಧತಿಯಲ್ಲಿ ಇದೇ ಶೇ 10ಕ್ಕೆ ಮೂರು ವರ್ಷದ ಬಡ್ಡಿ ₹16,000 ಚಿಲ್ಲರೆ. ಬೇರೆ ಮಾತಿನಲ್ಲಿ, ಫ್ಲ್ಯಾಟ್ ಹತ್ತು ಎಂದರೆ ನಿಜದಲ್ಲಿ ಹತ್ತಿರ ಹತ್ತಿರ ಹದಿನೆಂಟು. ‘ಆ್ಯಸ್ ಲೋ ಆ್ಯಸ್ 10’ ಎಂಬ ಕರಪತ್ರ ಓದಿ ಬಂದವರಿಗೆ ಈ ಹದಿನೆಂಟು ಎಲ್ಲೂ ಕಾಣುವುದಿಲ್ಲ. ಊರ ಸಾಹುಕಾರರ ‘ನೂರಕ್ಕ ಎರಡ ರೂಪಾಯಿ’ ದುಬಾರಿಯೇ, ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 24. ಆದರೆ ಅದರಲ್ಲಿ ಮುಚ್ಚುಮರೆ ಇಲ್ಲ. ಎಷ್ಟು ದುಬಾರಿ ಎಂಬುದು ತೆಗೆದುಕೊಳ್ಳುವ ದಿನವೇ ಬೆರಳಿನಲ್ಲಿ ಎಣಿಸಿ ಗೊತ್ತಾಗುತ್ತದೆ.

‘ಝೀರೋ ಪರ್ಸೆಂಟ್’ ಎಂಬ ಆಕರ್ಷಣೆಯ ಮೇಲೆ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಬರೆ ಎಳೆಯಿತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಸಂಸ್ಕರಣಾ ಶುಲ್ಕದಲ್ಲಿ ಅಡಗಿಸಿ ಗ್ರಾಹಕರನ್ನು ಸೆಳೆಯುವುದು ತಪ್ಪು ಎಂದು ಬ್ಯಾಂಕುಗಳಿಗೆ ತಾಕೀತು ಮಾಡಿತು. ಆ ನಂತರ ಬಂದದ್ದೇ ‘ನೋ ಕಾಸ್ಟ್ ಇಎಂಐ’. ಇಲ್ಲಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸಿ ಸರಿದೂಗಿಸುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಶುಲ್ಕ ಗಿರಾಕಿಯ ತಲೆಗೆ. ರೊಕ್ಕ ಎಣಿಸಿ ಕೊಟ್ಟು ಒಯ್ಯುವವರಿಗೆ ಬೇರೆ ರಿಯಾಯಿತಿ ಇದ್ದರೆ ಅದನ್ನೂ ಕಳೆದುಕೊಂಡ ಲೆಕ್ಕ.

ಹಾಗಾದರೆ ಕನ್ನಡದಲ್ಲಿ ಬರೆದರೆ ಎಲ್ಲ ಸರಿಯೇ? ಟಿಕೋಟಾ, ಬಬಲೇಶ್ವರ ಭಾಗದ ಪಿಕೆಪಿಎಸ್‌ಗಳಲ್ಲಿ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ, ‘ಶೂನ್ಯ ಬಡ್ಡಿ ದರದ ಬೆಳೆಸಾಲ’ ಎಂಬ ಮಾತು ನಿತ್ಯ ಕೇಳುತ್ತದೆ. ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಇದರ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿತು. ಇದಕ್ಕೂ ಷರತ್ತಿದೆ: ವಾಯಿದೆಯೊಳಗೆ ಕಟ್ಟಿದರೆ ಸೊನ್ನೆ, ತಪ್ಪಿದರೆ ಬಡ್ಡಿ. ಆದರೆ ಈ ಷರತ್ತನ್ನು ತಿಳಿಯದ ರೈತರು ಸಿಗುವುದು ಕಷ್ಟ. ಬೇರೆಯವರ ಹತ್ತಿರ ಕೈಗಡ ತಂದಾದರೂ ವಾಯಿದೆಯೊಳಗೆ ಸೊಸೈಟಿ ಸಾಲ ತುಂಬಿ, ಮರಳಿ ಎತ್ತುವುದನ್ನು ಊರೂರಲ್ಲಿ ನೋಡಬಹುದು. ಷರತ್ತು ಅರ್ಥವಾಗುವ ಭಾಷೆಯಲ್ಲಿದ್ದರೆ ಜನ ಅದಕ್ಕೆ ತಕ್ಕ ಹಾಗೆ ನಡೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ನನಗೆ ಗೊತ್ತಿಲ್ಲ.

ಇದೇ ಟಿಕೋಟಾ ಭಾಗದಲ್ಲಿ ಕಡಿಮೆ ದರದ ಇನ್ನೊಂದು ಬರಹವೂ ಇದೆ. ಇಲ್ಲಿನ ದ್ರಾಕ್ಷಿಯಲ್ಲಿ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕೂಡಿಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನ ಬಲೆಗಳ ಮೇಲೆ ಎರಡು ವಾರದಷ್ಟು ಕಾಲ ಹರವಬೇಕು. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಂದು ಕಿಲೋ ಒಣದ್ರಾಕ್ಷಿ. ಬಣ್ಣ, ಗಾತ್ರ ನೋಡಿ ಆರಿಸಿ, ಬಾಕ್ಸಿಗೆ ತುಂಬಿ, ವಿಜಯಪುರದ ಎಪಿಎಂಸಿಗೋ ಗಡಿಯಾಚೆ ತಾಸಗಾಂವ, ಸಾಂಗ್ಲಿಗೋ ಸಾಗಿಸಬೇಕು. ಅಲ್ಲಿ ದರ ಬಿದ್ದ ವರ್ಷ ಪತ್ರಿಕೆಯಲ್ಲಿ ಬರುವ ತಲೆಬರಹ ಶುದ್ಧ ಕನ್ನಡ: ‘ಒಣದ್ರಾಕ್ಷಿ ಧಾರಣೆ ಕುಸಿತ, ಬೆಳೆಗಾರ ಕಂಗಾಲು’. ರೈತರಿಂದ ಕೊಳ್ಳುವಾಗಿನ ಕಡಿಮೆ ದರಕ್ಕೆ ‘ಅಪ್ ಟು’ ಇಲ್ಲ, ನಕ್ಷತ್ರ ಇಲ್ಲ, ‘ಓನ್ಲಿ’ ಇಲ್ಲ. ಕಿಲೋಗೆ ಇಷ್ಟು, ದಲಾಲಿ ಇಷ್ಟು, ತೂಕದಲ್ಲಿ ಇಷ್ಟು ಹೋಯಿತು, ಅಷ್ಟೇ. ಅದೇ ರೈತರು ಮಾಲು ಮಾರಿದ ರೊಕ್ಕ ತೆಗೆದುಕೊಂಡು ಗಾಂಧಿ ಚೌಕಕ್ಕೆ ಬಂದಾಗ ದರ ಇಂಗ್ಲಿಷ್ ಮಾತಾಡಲು ಶುರು ಮಾಡುತ್ತದೆ.

ಕಾನೂನು ಏನೆನ್ನುತ್ತದೆ? ನಮ್ಮಲ್ಲಿ ಹೆಚ್ಚು ಸದ್ದು ಮಾಡಿದ್ದು ನಾಮಫಲಕದ ಕಾನೂನು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ ಅಂಗಡಿ, ಕಚೇರಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಎಂದಾಯಿತು. ಬೋರ್ಡುಗಳು ಬದಲಾದವು. ಆದರೆ ‘ಮೆಗಾ ಸೇಲ್, ಅಪ್ ಟು 50 ಪರ್ಸೆಂಟ್ ಆಫ್’ ಎಂದು ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಅಳತೆಪಟ್ಟಿಗೆ ಅದೂ ಕನ್ನಡವೇ. ಜಾಗ ಅಳೆಯುವ ಕಾನೂನಿನಿಂದ ಲಿಪಿ ಉಳಿಯಬಹುದು, ಗಿರಾಕಿ ಉಳಿಯುವುದಿಲ್ಲ.

ಗಿರಾಕಿಗೆ ನಿಜವಾಗಿ ಕೆಲಸಕ್ಕೆ ಬರುವ ನಿಯಮ ಇನ್ನೊಂದು ಕಡೆ ಇದೆ, ಅದರ ಬಗ್ಗೆ ಸದ್ದೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನಲ್ಲಿ ಯಾವ ಭಾಷೆಯಲ್ಲಿ ಹೇಳಿಕೆ ಇದೆಯೋ ಅದೇ ಭಾಷೆಯಲ್ಲಿ ಅದರ ಷರತ್ತೂ ಇರಬೇಕು, ಹೇಳಿಕೆಗೆ ಬಳಸಿದ ಅಕ್ಷರಶೈಲಿಯೇ ಷರತ್ತಿಗೂ ಇರಬೇಕು, ಅದು ಎದ್ದು ಕಾಣಬೇಕು ಎಂದು ಅದು ಹೇಳುತ್ತದೆ. ಕೊಡುವ ಇರಾದೆಯೇ ಇಲ್ಲದೆ, ಸಾಕಷ್ಟು ದಾಸ್ತಾನು ಇಲ್ಲದೆ ಕಡಿಮೆ ಬೆಲೆಯ ಆಮಿಷ ತೋರಿಸಿ ಕರೆಯುವುದು ತಪ್ಪು. ರೊಕ್ಕ ಕೊಡಬೇಕಾದದ್ದನ್ನು ‘ಫ್ರೀ’ ಅನ್ನುವುದೂ ತಪ್ಪು. ದಾರಿತಪ್ಪಿಸುವ ಜಾಹೀರಾತಿಗೆ ದಂಡ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ. ಮೊದಲಿಗೆ ಹೇಳಿದ ಹಳದಿ ಹಾಳೆಗೆ ಈ ನಿಯಮ ಹಿಡಿದು ನೋಡಿ. ಸುವರ್ಣಾವಕಾಶ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ. ಮಾರ್ಗಸೂಚಿಗೆ ನೇರ ವಿರುದ್ಧ.

ನ್ಯಾಯದ ಕಡೆಯಿಂದಲೂ ತೀರ್ಪು ಬಂದಿದೆ. ‘ಫ್ಲ್ಯಾಟ್ 40 ಪರ್ಸೆಂಟ್ ಆಫ್’ ಎಂದು ದೊಡ್ಡದಾಗಿ ಹಾಕಿ, ಬಿಲ್ಲಿನಲ್ಲಿ ರಿಯಾಯಿತಿ ಬೆಲೆಯ ಮೇಲೆ ವ್ಯಾಟ್ ಕೂಡಿಸಿದ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2017ರ ಜನವರಿಯಲ್ಲಿ ಗ್ರಾಹಕರ ಪರ ನಿಂತಿತು. ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಇಷ್ಟು ಕಡಿತ ಎಂದ ಮೇಲೆ ಮತ್ತೆ ತೆರಿಗೆ ಕೇಳುವುದು ಅನುಚಿತ ವ್ಯಾಪಾರ. ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನ ಸುತ್ತೋಲೆಯ ಮೂಲಕ, ಅದೇ ವರ್ಷದ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರ ಕೊಡುವುದನ್ನು ಕಡ್ಡಾಯ ಮಾಡಿದೆ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಎಂಬುದು ಅದರಲ್ಲಿರಬೇಕು. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಫ್ಲ್ಯಾಟ್ ಹತ್ತರ ಹಿಂದಿನ ಹದಿನೆಂಟು ಅಲ್ಲಿ ಬಯಲಾಗುತ್ತದೆ. ಟಿಕೋಟಾದಲ್ಲಿ ಬೈಕಿಗೋ ಟ್ರ್ಯಾಕ್ಟರಿಗೋ ಸಹಿ ಹಾಕುವ ಮುಂಚೆ ಕೇಳಬೇಕಾದ ಕಾಗದ ಇದೊಂದೇ.

ನಮ್ಮ ಅಂಗಡಿಕಾರರಿಗೆ ಒಂದು ಮಾತು. ಮುಂದಿನ ಸೇಲಿನ ಫ್ಲೆಕ್ಸಿಗೆ ಆರ್ಡರ್ ಕೊಡುವಾಗ ‘ಆಯ್ದ ಬಟ್ಟೆಗಳಿಗೆ ಶೇ 50ರವರೆಗೆ ಕಡಿತ’ ಎಂದು ಒಂದೇ ಗಾತ್ರದಲ್ಲಿ ಬರೆಸಿ ನೋಡಿ. ಬಂದ ಗಿರಾಕಿ ಕೌಂಟರಿನಲ್ಲಿ ಜಗಳ ತೆಗೆಯುವುದಿಲ್ಲ.

ಗಿರಾಕಿಗಳಿಗೂ ಇಷ್ಟು. ಹ್ಯಾಂಡ್‌ಬಿಲ್ಲನ್ನು ಬಿಸಾಡಬೇಡಿ, ಬೋರ್ಡಿನ ಫೋಟೊ ಹೊಡೆದುಕೊಳ್ಳಿ, ಬಿಲ್ಲಿನ ಜತೆ ಎತ್ತಿಡಿ. ಹೇಳಿದ್ದಕ್ಕೂ ತೆಗೆದುಕೊಂಡದ್ದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅಲ್ಲಿ ಬಗೆಹರಿಯದಿದ್ದರೆ ವಿಜಯಪುರದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರನ್ನು ಕನ್ನಡದಲ್ಲಿಯೇ ಬರೆಯಿರಿ.